ಕಾಲು ನಿಮ್ದು, ತಿಂಗಳು ನಂದು

ಮೊಣಕಾಲಿನ ವೈದ್ಯರೊಬ್ಬರು ತಮ್ಮ ದವಾಖಾನೆಯನ್ನು ಮಹಡಿಯ ಮೇಲೆ ಇಟ್ಟುಕೊಳ್ಳುವುದು ಒಂದೋ ಅವಿವೇಕ, ಇಲ್ಲವೇ ಅಹಂಕಾರ ಎಂದು ಶಿರಸಿಯ ಜನ ಬಹಳ ವರ್ಷಗಳ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದಾರೆ. ತೀರ್ಮಾನಿಸಿದ ಮೇಲೂ ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದು, ಉಸ್ಸೆಂದು, ದೇವರ ಹೆಸರನ್ನೂ ಡಾಕ್ಟರ ಹೆಸರನ್ನೂ ಬೇರೆ ಬೇರೆ ಧಾಟಿಯಲ್ಲಿ ಉಚ್ಚರಿಸುತ್ತ ಹತ್ತುತ್ತಲೇ ಇದ್ದಾರೆ. ಡಾಕ್ಟರ್ ದಾಕ್ಷಾಯಿಣಿಯವರಲ್ಲಿಗೆ ಹೋಗುವ ಹಾದಿ ಪೇಟೆಯ ಒಂದು ಪಾತ್ರೆ ಅಂಗಡಿಯ ಪಕ್ಕದಲ್ಲಿ ಹದಿನಾಲ್ಕು ಮರದ ಮೆಟ್ಟಿಲುಗಳಾಗಿ ಎದ್ದು ನಿಲ್ಲುತ್ತದೆ. ಹಳೆಯ ಕಾಲದ ಮರ. ಪ್ರತಿ ಮೆಟ್ಟಿಲಿಗೂ ಸ್ವಂತ ಧ್ವನಿ ಉಂಟು. ಐದನೆಯದು ಕಿರುಗುಟ್ಟುತ್ತದೆ, ಒಂಬತ್ತನೆಯದು ನರಳುತ್ತದೆ, ಹನ್ನೆರಡನೆಯದು ಹತ್ತಿದವನಿಗೆ ಏನೋ ಆಕ್ಷೇಪಣೆ ಇದ್ದಂತೆ ಒಮ್ಮೆ ಕೆಮ್ಮುತ್ತದೆ. ಹತ್ತಲಾರದವರು ಕೆಳಗೆ ಪಾತ್ರೆ ಅಂಗಡಿಯ ಬೆಂಚಿನ ಮೇಲೆ ಕುಳಿತರೆ ಡಾಕ್ಟರೇ ಇಳಿದು ಬಂದು, ಕುಕ್ಕರುಗಳ ಮತ್ತು ತಾಮ್ರದ ಕೊಡಗಳ ಸಾಕ್ಷಿಯಲ್ಲಿ ಅವರ ಕಾಲನ್ನು ಮಡಚಿ ಬಿಡಿಸಿ ನೋಡುತ್ತಾರೆ. ಕೆಳಗೇ ಒಂದು ಕೋಣೆ ಮಾಡಿ ಎಂದು ಕಟ್ಟಡದ ಯಜಮಾನರು ಎರಡು ಸಲ ಹೇಳಿದ್ದುಂಟು. ಡಾಕ್ಟರು ಎರಡು ಸಲವೂ ನಕ್ಕು ಬಿಟ್ಟರು.

ಆ ಮೆಟ್ಟಿಲುಗಳೇ ಅವರ ಮೊದಲ ತಪಾಸಣೆಯೆಂಬುದು ನನಗೆ ಅರ್ಥವಾದದ್ದು ಮೂರನೆಯ ಭೇಟಿಯಲ್ಲಿ. ಮೇಲಿನ ಜಗಲಿಯ ಬೆಂಚಿನಲ್ಲಿ ಕುಳಿತವರು ಅಡಕೆಯ ದರ, ಮಂಗನ ಕಾಟ, ಸೊಸೆಯ ಅಡುಗೆ ಮುಂತಾದ ಸಾರ್ವಕಾಲಿಕ ವಿಷಯಗಳನ್ನು ಕೊಂಚ ಏರಿದ ಧ್ವನಿಯಲ್ಲಿ ಚರ್ಚಿಸುತ್ತಿದ್ದರೆ, ಹೆಸರು ಕೂಗುವ ಸುಬ್ಬಿ ಎಂಬ ಹೆಂಗಸು ಬಂದು, “ಸ್ವಲ್ಪ ಸುಮ್ನೆ ಕೂರಿ, ಅಮ್ಮ ಕೇಳ್ತಾ ಇದಾರೆ” ಎನ್ನುತ್ತಾಳೆ. ಅಮ್ಮ ನಮ್ಮ ಮಾತು ಕೇಳುತ್ತಿದ್ದಾರೆಂದು ಭಾವಿಸಿ ನಾವು ಸೊಸೆಯ ವಿಷಯವನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೆವು. ಅವರು ಕೇಳುತ್ತಿದ್ದುದು ಹೆಜ್ಜೆಗಳನ್ನು. ಕಾಲು ನೆಟ್ಟಗಿದ್ದವನು ಮೆಟ್ಟಿಲಿಗೊಂದು ಸದ್ದು ಮಾಡುತ್ತ ಏರುತ್ತಾನೆ. ಮಂಡಿ ಸವೆದವನದು ಮೆಟ್ಟಿಲಿಗೆ ಎರಡು ಸದ್ದು: ಒಳ್ಳೆಯ ಕಾಲು ಮೊದಲು ಏರುತ್ತದೆ, ಕೆಟ್ಟ ಕಾಲು ಮನಸ್ಸಿಲ್ಲದೆ ಮದುವೆಗೆ ಬಂದ ನೆಂಟನ ಹಾಗೆ ಹಿಂದಿನಿಂದ ಬಂದು ಪಕ್ಕದಲ್ಲಿ ನಿಲ್ಲುತ್ತದೆ. ಎಷ್ಟನೆಯ ಮೆಟ್ಟಿಲಿನಲ್ಲಿ ಉಸಿರಿಗೆ ನಿಂತ, ಎಲ್ಲಿ ಕಟಾಂಜನಕ್ಕೆ ಜೋತುಬಿದ್ದ, ಇವೆಲ್ಲ ಒಳಗೆ ಕುಳಿತವರ ಕಿವಿಗೆ ಮುಟ್ಟಿ, ರೋಗಿ ತನ್ನ ಕಾಲಪುರಾಣಕ್ಕೆ ಪೀಠಿಕೆ ಹಾಕುವ ಮೊದಲೇ ಡಾಕ್ಟರ ಚೀಟಿ ಅರ್ಧ ತುಂಬಿರುತ್ತದೆ.

ಡಾಕ್ಟರು ನೋಡಲಿಕ್ಕೆ ಗಟ್ಟಿಮುಟ್ಟು, ಐವತ್ತೆಂಟರ ಆಸುಪಾಸು. ಬನವಾಸಿ ಕಡೆಯ, ಭತ್ತ ಅನಾನಸು ಬೆಳೆಯುವ ಮನೆತನದವರು. ಗದ್ದೆಯ ಬದುವಿನ ಮೇಲೆ ನಡೆಯುವವರಂತೆ ನೆಲ ನೋಡಿಕೊಂಡು, ಹಿಮ್ಮಡಿ ಒತ್ತಿ, ಅವಸರವಿಲ್ಲದೆ ನಡೆಯುತ್ತಾರೆ. ಇಳಕಲ್ ಸೀರೆಯ ಮೇಲೆ ಬಿಳಿಯ ಕೋಟು. ತೋಳು ಮೊಣಕೈತನಕ ಮಡಚಿದ್ದು. ಕೋಟಿನ ಮೂರನೆಯ ಗುಂಡಿ ಮಾತ್ರ ಕಂದುಬಣ್ಣದ್ದು, ಬಹುಶಃ ಯಾರದೋ ಸ್ವೆಟರಿನಿಂದ ವರ್ಗವಾಗಿ ಬಂದದ್ದು. ಹದಿನೈದು ವರ್ಷಗಳಲ್ಲಿ ಕೋಟು ಬದಲಾಗಿದೆ, ಗುಂಡಿ ಬದಲಾಗಿಲ್ಲ. ಎಡ ಕಿಸೆ ಸದಾ ಜೋತುಬಿದ್ದಿರುತ್ತದೆ, ಏಕೆಂದರೆ ಅದರಲ್ಲೊಂದು ಕಿರುಪಂಚಾಂಗವಿದೆ. ಎಲುಬಿನ ಡಾಕ್ಟರಿಗೆ ಪಂಚಾಂಗವೇಕೆ ಎಂದು ಹೊಸಬರು ಹುಬ್ಬೇರಿಸುತ್ತಾರೆ. ಹಳಬರು ಅದು ಕಿಸೆಯಿಂದ ಹೊರಬಂದರೆ ಸಾಕು, ಮುಖ ಇಳಿಬಿಡುತ್ತಾರೆ.

ಅದನ್ನು ವಿವರಿಸಬೇಕಾದರೆ ಇಂಜೆಕ್ಷನ್ನಿನ ವಿಷಯಕ್ಕೆ ಬರಬೇಕು. ನಮ್ಮ ಮೂರು ತಾಲೂಕುಗಳಲ್ಲಿ ಮಂಡಿನೋವಿನವರಿಗೆ ಬರಗಾಲವಿಲ್ಲ. ಘಟ್ಟದ ಏರಿಳಿತ, ಸಾಲದ್ದಕ್ಕೆ ಕುಕ್ಕರುಗಾಲಿನಲ್ಲಿ ಕೂತು ಮಾಡುವ ನೂರು ಕೆಲಸ. ಯಲ್ಲಾಪುರದಲ್ಲಾದರೆ ದಿನಕ್ಕೆ ಸಾವಿರ ಸಲ ಕ್ಲಚ್ಚು ಒತ್ತಿ ಎಡಮಂಡಿ ಸವೆಸಿಕೊಂಡ ಲಾರಿ ಡ್ರೈವರುಗಳು. ಇವರೆಲ್ಲರ ಕಿವಿಗೆ ಯಾವಾಗಲೋ ಒಂದು ಸುದ್ದಿ ಬಿದ್ದಿದೆ: ಮಂಡಿಯ ಗಂಟಿನೊಳಗೇ ಹಾಕುವ ಒಂದು ಸ್ಟೆರಾಯ್ಡ್ ಸೂಜಿಯಿದೆ, ಹಾಕಿಸಿಕೊಂಡರೆ ನಾಲ್ಕೇ ದಿನದಲ್ಲಿ ಮನುಷ್ಯ ಓಡುತ್ತಾನೆ. ಸುದ್ದಿ ಪೂರ್ತಿ ಸುಳ್ಳೂ ಅಲ್ಲ. ಹಾಲಿನಂತೆ ಬೆಳ್ಳಗಿನ, ಬಿಟ್ಟರೆ ತಳಕ್ಕೆ ಕೂರುವ ಮದ್ದು. ಡಾಕ್ಟರು ಸೀಸೆಯನ್ನು ಅಲುಗಿಸಿ, ಬೆಳಕಿಗೆ ಹಿಡಿದು ನೋಡಿ, ಗಂಟಿನಲ್ಲಿ ನೀರು ತುಂಬಿದ್ದರೆ ಅದನ್ನು ಮೊದಲು ತೆಗೆದು, ನಲವತ್ತು ಮಿಲಿಗ್ರಾಮನ್ನು ಎಷ್ಟು ನಿಧಾನವಾಗಿ ಒಳಗಿಳಿಸುತ್ತಾರೆಂದರೆ, ಚುಚ್ಚಿದ್ದು ಗೊತ್ತಾಗದೆ ಎಷ್ಟೋ ಜನ “ಇನ್ನೂ ಹಾಕ್ಲಿಲ್ವಾ” ಎಂದು ಕೇಳಿದ್ದಿದೆ. ಆ ಕೈಗೆ ಇಡೀ ಜಿಲ್ಲೆಯಲ್ಲಿ ಸಾಟಿಯಿಲ್ಲವೆಂದು ನಾನು ಬರೆದರೆ ಉತ್ಪ್ರೇಕ್ಷೆಯಾದೀತು; ಚುಚ್ಚಿಸಿಕೊಂಡವರು ಹಾಗೆನ್ನುತ್ತಾರೆ ಎಂದು ಬರೆದರೆ ವರದಿಯಾಗುತ್ತದೆ.

ಆದರೆ ಅವರು ಹೆಸರಾಗಿರುವುದು ಹಾಕುವುದಕ್ಕಲ್ಲ, ಹಾಕದಿರುವುದಕ್ಕೆ. ಒಂದು ಗಂಟಿಗೆ ಒಮ್ಮೆ ಹಾಕಿದರೆ ಮತ್ತೆ ಮೂರು ತಿಂಗಳು ಅದರ ಸುದ್ದಿಯೆತ್ತುವಂತಿಲ್ಲ. ವರ್ಷಕ್ಕೆ ಮೂರು ದಾಟುವಂತಿಲ್ಲ. ಸಕ್ಕರೆ ಕಾಯಿಲೆಯಿದ್ದವರಿಗೆ ಇನ್ನೂ ಬಿಗಿ, ಏಕೆಂದರೆ ಮಂಡಿಗೆ ಹಾಕಿದ ಮದ್ದು ರಕ್ತದ ಸಕ್ಕರೆಯನ್ನು ಕೆಲವು ದಿನ ಅಟ್ಟಕ್ಕೇರಿಸುತ್ತದೆ. ಪದೇ ಪದೇ ಹಾಕಿದರೆ ನೋವೇನೋ ಸುಮ್ಮನಾಗುತ್ತದೆ, ಉಳಿದಿರುವ ಮೆದುಎಲುಬೂ ಅದರ ಜೊತೆ ಸದ್ದಿಲ್ಲದೆ ಕರಗುತ್ತ ಹೋಗುತ್ತದೆ. ಇದನ್ನು ಅವರು ಮೊದಮೊದಲು ತಾರೀಖಿನಲ್ಲಿ ಹೇಳಿ ನೋಡಿದರಂತೆ. ತಾರೀಖು ಯಾರಿಗೂ ನೆನಪಿರುತ್ತಿರಲಿಲ್ಲ. ನೆನಪಿದ್ದರೂ ಇಲ್ಲವೆನ್ನುವುದಕ್ಕೆ ಅನುಕೂಲವಾಗಿತ್ತು. ಆಮೇಲೆ ಪಂಚಾಂಗ ಬಂತು. ಯುಗಾದಿಗೆ ಹಾಕಿಸಿಕೊಂಡವರು ಶ್ರಾವಣಕ್ಕೆ ಬರಬೇಕು, ನವರಾತ್ರಿಯವರು ಸಂಕ್ರಾಂತಿ ಕಳೆದ ಮೇಲೆ. ಹಬ್ಬವನ್ನು ಮರೆತೆನೆಂದು ಹೇಳುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ಯಾರಾದರೂ ನಡುವೆ ಬಂದು ಕಾಲು ತೋರಿಸಿ ಗೋಗರೆದರೆ ಡಾಕ್ಟರು ಕಿಸೆಗೆ ಕೈಹಾಕಿ, ಪಂಚಾಂಗ ತೆಗೆದು, ಕೆಂಪು ಪೆನ್ಸಿಲಿನಿಂದ ಒಂದು ಗೀಟೆಳೆದು ಹೇಳುವ ಮಾತು ಒಂದೇ: “ಕಾಲು ನಿಮ್ದು, ತಿಂಗಳು ನಂದು.”

ಇದರಲ್ಲಿ ಅವರು ಒಮ್ಮೆ ಸೋತದ್ದೂ ಉಂಟು. ಅಧಿಕ ಶ್ರಾವಣ ಬಂದ ವರ್ಷ ಯುಗಾದಿಗೆ ಹಾಕಿಸಿಕೊಂಡಿದ್ದ ಉಮ್ಮಚಗಿಯ ಪುರೋಹಿತರೊಬ್ಬರು ಅಧಿಕ ಮಾಸದ ಮೊದಲ ವಾರವೇ, ಡಾಕ್ಟರು ಗುರುವಾರ ಕೂರುವ ಯಲ್ಲಾಪುರದ ಕೋಣೆಯಲ್ಲಿ ಹಾಜರಾಗಿ, ಶ್ರಾವಣ ಬಂತು, ಸೂಜಿ ಹಾಕಿ ಎಂದರಂತೆ. ಡಾಕ್ಟರು ನಿಜ ಶ್ರಾವಣಕ್ಕೆ ಬನ್ನಿ ಎಂದರು. ಪುರೋಹಿತರು, ಅಧಿಕದಲ್ಲಿ ಮದುವೆ ಮುಂಜಿ ನಿಷಿದ್ಧವೇ ಹೊರತು ಮೊಣಕಾಲಿಗೆ ಯಾವ ಶಾಸ್ತ್ರದಲ್ಲೂ ನಿಷೇಧವಿಲ್ಲವೆಂದು ವಾದಿಸಿದರು. ಡಾಕ್ಟರು ಬೆರಳು ಮಡಚಿ ದಿನ ಎಣಿಸಿದರು. ನಾಲ್ಕು ತಿಂಗಳಿಗೆ ನಾಲ್ಕು ದಿನ ಕಡಿಮೆ; ಮೂರು ತಿಂಗಳ ಗಡುವು ಎಂದೋ ದಾಟಿತ್ತು. ಮರುಮಾತಿಲ್ಲದೆ ಸೀಸೆ ಅಲುಗಿಸಿದರು. ಪುರೋಹಿತರು ಆ ವಿಜಯವನ್ನು ಇಂದಿಗೂ ಮಂತ್ರಗಳ ನಡುವೆ ಬಿಡುವು ಸಿಕ್ಕಲ್ಲೆಲ್ಲ ಹೇಳುತ್ತಿರುತ್ತಾರೆ.

ಇನ್ನೊಬ್ಬರು ದೊಡ್ಮನೆ ಕಡೆಯವರು, ಸಹಕಾರಿ ಸಂಘದಲ್ಲಿ ಮೂವತ್ತು ವರ್ಷ ಸದಸ್ಯರಾಗಿದ್ದವರು. ಮಂಗಳವಾರ ಸಿದ್ದಾಪುರದಲ್ಲಿ ಡಾಕ್ಟರು ಕೂರುವ ಕೋಣೆಗೆ ಹೆಂಡತಿಯನ್ನೂ ಕರೆದುಕೊಂಡು ಬಂದು, ವರ್ಷಕ್ಕೆ ತಲೆಗೆ ಮೂರರಂತೆ ಎಂದಾದರೆ ಇವಳ ಪಾಲಿನ ಮೂರೂ ಹಾಗೇ ಉಳಿದಿವೆ, ಇವಳ ಒಪ್ಪಿಗೆಯಿದೆ, ಅದರಲ್ಲಿ ಒಂದನ್ನು ನನ್ನ ಕಾಲಿಗೆ ವರ್ಗ ಮಾಡಿ ಎಂದು ಗಂಭೀರವಾಗಿ ಬೇಡಿಕೆಯಿಟ್ಟರು. ಹೆಂಡತಿ ಸಹಿ ಹಾಕಲು ಸಿದ್ಧಳಾಗಿಯೇ ನಿಂತಿದ್ದಳು. ಡಾಕ್ಟರು ನಗಲಿಲ್ಲವಂತೆ. ಆಕೆಯನ್ನು ಕೂರಿಸಿ, ಆಕೆಯ ಮಂಡಿಯನ್ನೂ ಒತ್ತಿ ನೋಡಿ, ಇಷ್ಟು ದಿನ ಇವರ ಕಾಲಿನ ಗಲಾಟೆಯಲ್ಲಿ ತನ್ನ ನೋವು ಹೇಳಿಕೊಳ್ಳದೆ ಉಳಿದಿದ್ದ ಆಕೆಗೇ ಮೊದಲ ಸೂಜಿ ಹಾಕಿದರು. ಗಂಡನಿಗೆ ಟವೆಲ್ಲಿನ ವ್ಯಾಯಾಮ ಸಿಕ್ಕಿತು: ಟವೆಲ್ ಸುತ್ತಿ ಮಂಡಿಯ ಕೆಳಗಿಟ್ಟು, ಹತ್ತು ಎಣಿಸುವ ತನಕ ಒತ್ತಿ ಹಿಡಿಯುವುದು, ದಿನಕ್ಕೆ ಮೂವತ್ತು ಸಲ. ಡಾಕ್ಟರ ದೃಷ್ಟಿಯಲ್ಲಿ ಅದೇ ನಿಜವಾದ ಮದ್ದು. ಸೂಜಿ ಅದಕ್ಕೆ ಬಿಡುವು ಮಾಡಿಕೊಡುವ ಆಳು ಮಾತ್ರ.

ಸೋಮವಾರ, ಬುಧವಾರ, ಶುಕ್ರವಾರ ಶಿರಸಿ, ಮಂಗಳವಾರ ಸಿದ್ದಾಪುರ, ಗುರುವಾರ ಯಲ್ಲಾಪುರ. ಕಾರಿದ್ದರೂ ಬಸ್ಸಿನಲ್ಲೇ ಹೋಗುತ್ತಾರೆ, ಅದೂ ಮುಂದಿನ ಬಾಗಿಲ ಹತ್ತಿರದ ಸೀಟಿನಲ್ಲಿ. ಜಿಪುಣತನವೆಂದು ಜನ. ಬಸ್ಸಿನಿಂದ ಇಳಿಯುವವರ ಕಾಲು ನೋಡಿದಷ್ಟು ಯಾವ ಪುಸ್ತಕವೂ ಕಲಿಸುವುದಿಲ್ಲವೆಂದು ಅವರು. ಈ ಎರಡರಲ್ಲಿ ನನಗೆ ಎರಡನೆಯದು ನಿಜವೆನಿಸಿದ್ದು, ನನ್ನ ದೊಡ್ಡಪ್ಪನ ಮಗ ಕಮಲಾಕರಣ್ಣನ ಪ್ರಕರಣದ ನಂತರ.

ಕಮಲಾಕರಣ್ಣ ಅಧ್ಯಕ್ಷ. ಯಾವುದಕ್ಕೆ ಎಂದು ಕೇಳಬಾರದು. ಅವನಿಗೆ ಅದು ಹುದ್ದೆಯಲ್ಲ, ಜಾಯಮಾನ. ಎಲ್ಲಿ ಮೂರು ಖುರ್ಚಿ ಹಾಕಿದರೂ ನಡುವಿನದು ಅವನನ್ನು ತಾನಾಗಿ ಕರೆಯುತ್ತದೆ. ಹಾಗಿರುವಾಗ ಅವನ ಜೀವನದ ಅತಿ ದೊಡ್ಡ ಭಾಷಣ ಖುರ್ಚಿಯ ವಿರುದ್ಧವಾಗಿದ್ದುದು ಸೋಜಿಗ. ಎರಡು ವರ್ಷದ ಹಿಂದೆ ಸಮಾಜದ ವಾರ್ಷಿಕ ಸಭೆಯಲ್ಲಿ, ಶುಭಕಾರ್ಯಗಳಲ್ಲಿ ಟೇಬಲ್ಲು ಖುರ್ಚಿಯ ಮೇಲೆ ಕೂತು ಉಣ್ಣುವುದು ಸಂಸ್ಕೃತಿಗೆ ಧಕ್ಕೆಯೆಂದೂ, ನೆಲದ ಪಂಕ್ತಿಯನ್ನು ಹಿರಿಯರು ಮಾದರಿಯಾಗಿ ಉಳಿಸಬೇಕೆಂದೂ ಮುಕ್ಕಾಲು ಗಂಟೆ ಮಾತಾಡಿ, ಸರ್ವಾನುಮತದ ಠರಾವು ಮಾಡಿಸಿದ್ದ. ಸರ್ವಾನುಮತಕ್ಕೆ ಕಾರಣ ಊಟದ ಹೊತ್ತಾಗಿದ್ದುದು. ಠರಾವಾದ ಆರೇ ತಿಂಗಳಿಗೆ ಅವನ ಬಲಮಂಡಿ ಅದನ್ನು ಪಾಲಿಸಲು ನಿರಾಕರಿಸಿತು.

ಕಳೆದ ನವರಾತ್ರಿಯ ಹೊತ್ತಿಗೆ ನಾನೇ ಅವನನ್ನು ಡಾಕ್ಟರ ಬಳಿ ಕರೆದೊಯ್ದೆ. ಹದಿನಾಲ್ಕು ಮೆಟ್ಟಿಲಿಗೆ ಇಪ್ಪತ್ತೆಂಟು ಸದ್ದು ಮಾಡಿಕೊಂಡು ಏರಿದ. ಎಕ್ಸ್‌ರೇ ನೋಡಿದರೆ ಎಲುಬಿಗೆ ಎಲುಬು ತಾಗಿತ್ತು. ಡಾಕ್ಟರು ಸೂಜಿ ಹಾಕಲೊಪ್ಪಿದರು. ಕಮಲಾಕರಣ್ಣ ಗಂಟಲು ಸರಿಮಾಡಿಕೊಂಡು, “ಮೇಡಂ, ನಲವತ್ತು ಎಲ್ಲರಿಗೂ ಹಾಕ್ತೀರಿ. ನನಗೆ ಒಂದು ಎಂಬತ್ತು ಹಾಕಿಬಿಡಿ” ಎಂದ.

“ಗಂಟಿಗೆ ಅಧ್ಯಕ್ಷರು ಯಾರು, ಮೆಂಬರು ಯಾರು ಗೊತ್ತಾಗೂದಿಲ್ರಿ,” ಎಂದರು ಡಾಕ್ಟರು, ಸೀಸೆಯನ್ನು ಬೆಳಕಿಗೆ ಹಿಡಿದುಕೊಂಡೇ. “ನಲವತ್ತ ಸಾಕು.” ಎಂಬತ್ತು ಹಾಕಿದರೆ ಸಕ್ಕರೆ ದುಪ್ಪಟ್ಟಾದೀತೇ ಹೊರತು ಸುಖ ದುಪ್ಪಟ್ಟಾಗುವುದಿಲ್ಲವೆಂದು ಆಮೇಲೆ ವಿವರಿಸಿದರು. ಕಮಲಾಕರಣ್ಣನಿಗೆ ಸಕ್ಕರೆ ಕಾಯಿಲೆಯೂ ಇದೆ.

ಆ ಸೂಜಿಯ ಫಲ ಎರಡು ತಿಂಗಳಲ್ಲಿ ಇಳಿಯಿತು. ಇನ್ನು ಕೀಲು ಬದಲಿಸುವುದೇ ದಾರಿಯೆಂದು ಡಾಕ್ಟರು ಹುಬ್ಬಳ್ಳಿಯ ಸರ್ಜನ್ನರಿಗೆ ಬರೆದುಕೊಟ್ಟರು; ಮಾರ್ಚಿ ತಿಂಗಳ ಮೊದಲ ಸೋಮವಾರ ನಿಗದಿಯಾಯಿತು. ಒಂದು ಷರತ್ತು ಮಾತ್ರ ಕೈ ಎತ್ತಿ ಹೇಳಿದರು: ಆಪರೇಶನ್ನಿಗೆ ಮುಂಚಿನ ಮೂರು ತಿಂಗಳು ಆ ಗಂಟಿಗೆ ಯಾವ ಸೂಜಿಯೂ ಹೋಗಕೂಡದು. ಕಮಲಾಕರಣ್ಣ ತಲೆಯಾಡಿಸಿದ. ಅಷ್ಟರಲ್ಲಿ ಮೊಮ್ಮಗನ ಉಪನಯನಕ್ಕೆ ಫೆಬ್ರವರಿ ಆರಂಭದಲ್ಲಿ ಮುಹೂರ್ತ ಸಿಕ್ಕಿತು. ಎಂಟುನೂರು ಜನ, ಪಂಕ್ತಿಯ ಮೊದಲ ಎಲೆಯ ಮುಂದೆ ಅಜ್ಜ. ಠರಾವು ಮಾಡಿದವನೇ ಖುರ್ಚಿ ಏರುವುದನ್ನು ನೋಡಲೆಂದೇ ಆ ಎಂಟುನೂರರಲ್ಲಿ ನಾಲ್ಕುನೂರು ಜನ ಬರುವವರಿದ್ದರು. ಅವನು ಸಂಕ್ರಾಂತಿ ಕಳೆದೊಡನೆ ಡಾಕ್ಟರಲ್ಲಿ ಸೂಜಿ ಕೇಳಿದ, ಅವರು ಇಲ್ಲವೆಂದರು, ಮರುದಿನ ಮತ್ತೆ ಕೇಳಿದ, ಮತ್ತೆ ಇಲ್ಲ. ಒಂದು ಭಾನುವಾರ ಬೆಳಗ್ಗೆ ನಮ್ಮ ಅಂಗಳಕ್ಕೆ ಬಂದು, “ತಮ್ಮಾ, ಗಾಡಿ ತೆಗಿ. ಯಲ್ಲಾಪುರಕ್ಕೆ ಹೋಪನ. ಯಾರಿಗೂ ಹೇಳಡ” ಎಂದ.

ಯಲ್ಲಾಪುರಕ್ಕೆ ತಿಂಗಳಿಗೊಮ್ಮೆ ದೂರದಿಂದ ಬರುವ ಡಾಕ್ಟರೊಬ್ಬರಿದ್ದರು. ಅವರ ತಪ್ಪಿಲ್ಲ, ಈ ಮೊದಲು ಸೂಜಿ ಆಗಿದೆಯೇ, ಆಪರೇಶನ್ ಏನಾದರೂ ಗೊತ್ತಾಗಿದೆಯೇ ಎಂದು ಎರಡನ್ನೂ ಕೇಳಿದರು. ಕಮಲಾಕರಣ್ಣ ಎರಡಕ್ಕೂ ಇಲ್ಲವೆಂದ, ಅಧ್ಯಕ್ಷರು ಮಾತ್ರ ಹೇಳಬಲ್ಲಷ್ಟು ಸ್ಪಷ್ಟವಾಗಿ. ನಾನು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು ಅಭ್ಯಾಸ ಮಾಡುತ್ತ ನಿಂತಿದ್ದೆ. ಸೂಜಿ ಬಲಮಂಡಿಗೆ ಇಳಿಯಿತು. ಬರುವಾಗ ದಾರಿಯಲ್ಲಿ ಅವನು, ಹುಬ್ಬಳ್ಳಿಯವರು ಹೇಗೂ ಆ ಗಂಟನ್ನೇ ಕೊಯ್ದು ತೆಗೆಯುವವರು, ಬಿಸಾಡುವ ಗಂಟಿಗೆ ಒಂದು ಸೂಜಿ ಹೆಚ್ಚಾದರೆ ಯಾರಿಗೇನು ಎಂದು ತರ್ಕ ಹೂಡಿದ. ಮನೆ ಕೆಡವುವ ಮುನ್ನ ಒಮ್ಮೆ ಸುಣ್ಣ ಹೊಡೆದಂತೆ ಎಂದು ನಾನೂ ಒಪ್ಪಿದೆ. ಹೀಗೆ ಮೂರ್ಖತನದಲ್ಲಿ ನಮ್ಮ ಮನೆತನದ ಒಗ್ಗಟ್ಟು ಅಖಂಡವಾಗಿ ಉಳಿಯಿತು.

ಉಪನಯನ ಸಾಂಗವಾಯಿತು. ಕಮಲಾಕರಣ್ಣ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಭಂಗಿಯನ್ನು ಮೂರು ದಿಕ್ಕಿನಿಂದ ಫೋಟೋ ತೆಗೆಸಲಾಯಿತು. “ಹತ್ತು ವರ್ಷ ಸಣ್ಣ ಆದಾಂಗೆ ಆಗೋತು” ಎಂದು ನನ್ನ ಕಿವಿಯಲ್ಲಿ ಹೇಳಿದ.

ಫೆಬ್ರವರಿಯ ಕೊನೆಯ ಶುಕ್ರವಾರ. ಸೋಮವಾರ ಆಪರೇಶನ್. ಹುಬ್ಬಳ್ಳಿಯವರು ಈವರೆಗಿನ ಚಿಕಿತ್ಸೆಯ ವಿವರವನ್ನು ಡಾಕ್ಟರ ಕೈಬರಹದಲ್ಲಿ ತರಲು ಹೇಳಿದ್ದರು. ಅದು ಬರೆದು, ಸಹಿಯಾಗಿ, ಶಿರಸಿಯ ಮೇಜಿನ ಮೇಲೆ ಸಿದ್ಧವಿತ್ತು. ಹೋಗಿ ತರುವುದಷ್ಟೇ ಬಾಕಿ. ನಾನು ಗಾಡಿ ನಿಲ್ಲಿಸಿ ಬರುವಷ್ಟರಲ್ಲಿ ಕಮಲಾಕರಣ್ಣ ಮೆಟ್ಟಿಲಿಗೆ ಕಾಲಿಟ್ಟಾಗಿತ್ತು. ಕೆಳಗೆ ಪಾತ್ರೆ ಅಂಗಡಿಯ ಮುಂದೆ ನಿಂತು ನಾನೂ ಕೇಳಿದೆ: ಒಂದು, ಎರಡು, ಮೂರು, ಕಟಾಂಜನ ಮುಟ್ಟದ, ಎಲ್ಲಿಯೂ ತಡೆಯದ, ಮದುಮಗನಂಥ ಹೆಜ್ಜೆ. ಹದಿನಾಲ್ಕು ಮೆಟ್ಟಿಲಿಗೆ ಹದಿನಾಲ್ಕೇ ಸದ್ದು. ನಾನೂ ಹಿಂದೆಯೇ ಓಡಿ ಹತ್ತಿದೆ. ಒಳಗೆ ನಡೆದದ್ದನ್ನು ಸುಬ್ಬಿ ಆಮೇಲೆ ಹೇಳಿದಳು: ಅಮ್ಮ ಕಾಗದವನ್ನು ಲಕೋಟೆಗೆ ತುಂಬುತ್ತಿದ್ದವರು, ಒಂಬತ್ತನೆಯ ಮೆಟ್ಟಿಲು ನರಳಿದಾಗ ತಲೆಯೆತ್ತಿದರು, ಹನ್ನೆರಡನೆಯದು ಕೆಮ್ಮಿದಾಗ ಕಾಗದವನ್ನು ಮತ್ತೆ ಹೊರತೆಗೆದು ಕೋಟಿನ ಕಿಸೆಗಿಟ್ಟುಕೊಂಡರು.

ನಾನು ಏದುಸಿರಿನಲ್ಲಿ ಒಳಹೊಕ್ಕಾಗ ಅವರು ಕೇಳುತ್ತಿದ್ದರು: “ಯಾವಾಗ ಹಾಕಿಸ್ಕೊಂಡ್ರಿ?”

ಕಮಲಾಕರಣ್ಣ ಎಂತದ್ದು ಎಂದ. ಸೂಜಿ ಎಂದರು. ಅವನು ಟವೆಲ್ಲಿನ ವ್ಯಾಯಾಮದ ಮಹಿಮೆಯನ್ನು ಕೊಂಡಾಡತೊಡಗಿದ. “ಟವೆಲ್ಲಿಗೆ ಅಷ್ಟು ಶಕ್ತಿ ಇದ್ದಿದ್ರ ನಾ ಟವೆಲ್ ಅಂಗಡಿ ಇಡ್ತಿದ್ನಿ,” ಎಂದರು. “ನಿಮ್ಮ ಹೆಜ್ಜಿ ಸುಳ್ಳು ಹೇಳಾಕತ್ತೈತ್ರಿ.”

ಆಗ ಅವನು, ಹೌದು, ಹಾಕಿಸಿಕೊಂಡದ್ದು ಹೌದು, ಆದರೆ ಎಡಗಾಲಿಗೆ ಎಂದ. ಆಪರೇಶನ್ ಬಲಗಾಲಿಗೆ, ಎರಡಕ್ಕೂ ಸಂಬಂಧವಿಲ್ಲ. ಡಾಕ್ಟರು, “ಒಮ್ಮೆ ಇಳದು, ಮತ್ತ ಹತ್ತಿ ಬರ್ರಿ” ಎಂದರು. ಅಧ್ಯಕ್ಷ ಇಳಿದ. ಬಲಗಾಲು ಇನ್ನೂ ಕೆಟ್ಟಿದೆಯೆಂದು ಸಾಬೀತುಪಡಿಸಬೇಕಲ್ಲ, ಈ ಸಲ ಕಟಾಂಜನ ಹಿಡಿದು, ಮುಖ ಕಿವುಚಿ, ಕುಂಟುತ್ತ ಹತ್ತತೊಡಗಿದ. ಅವಸರದಲ್ಲಿ ಒಂದು ತಪ್ಪಾಯಿತು: ಪ್ರತಿ ಮೆಟ್ಟಿಲಿಗೂ ಕೆಟ್ಟದ್ದೆನಿಸಿದ ಆ ಬಲಗಾಲನ್ನೇ ಮೊದಲು ಮೇಲಿಟ್ಟ. ಜಗಲಿಯ ಬೆಂಚಿನಲ್ಲಿ ಆರು ಮಂದಿ ಮಂಡಿಯವರಿದ್ದರು. ನೋಯುವ ಕಾಲು ಎಂದೂ ಮೊದಲು ಏರುವುದಿಲ್ಲವೆಂಬುದನ್ನು ಪ್ರತಿದಿನ ಅನುಭವಿಸುವವರು. ಆರೂ ತಲೆಗಳು ಒಟ್ಟಿಗೆ ಇಲ್ಲ ಎಂಬಂತೆ ಆಡಿದವು.

ಡಾಕ್ಟರು ನಗಬಹುದಿತ್ತು, ನಗಲಿಲ್ಲ. ಬಾಗಿಲಲ್ಲಿ ನಿಂತ ನನ್ನ ಕಡೆ ತಿರುಗಿ, “ಗಾಡಿ ನೀವ ಹೊಡದ್ರೇನ್ರಿ? ಯಾವತ್ತು?” ಎಂದರು. ಗೋಡೆಯ ಮೇಲೆ ನೋಡಲು ಅಲ್ಲಿ ಯಾವ ಅಸ್ಥಿಪಂಜರವೂ ಇರಲಿಲ್ಲ. ಜನವರಿಯ ಕೊನೆಯ ಭಾನುವಾರವೆಂದೆ. ಅವರು ಕಮಲಾಕರಣ್ಣನನ್ನು ಕೂರಿಸಿ, ತಾವೂ ಸ್ಟೂಲೆಳೆದುಕೊಂಡು ಅವನೆದುರು ಕೂತು, ಅವನ ಬಲಮಂಡಿಯ ಮೇಲೆ ಕೈಯಿಟ್ಟರು.

“ಆ ಮದ್ದು ಇನ್ನೂ ಇದರಾಗ ಐತ್ರಿ. ನೋವು ಮಲಗಿಸೈತಿ, ಅದರ ಜೋಡಿ ಕಾವಲು ಇರೋವ್ರನ್ನೂ ಮಲಗಿಸೈತಿ. ಈಗ ಕೊಯ್ದು ಹೊಸ ಕೀಲು ಕುಂದ್ರಿಸಿದ್ರ, ಒಂದು ಹನಿ ಕೀವು ಹೊಕ್ಕಿತು ಅಂದ್ರ ಕೇಳೋರ ಇಲ್ಲ. ಹಾಕಿದ್ದನ್ನ ಕಿತ್ತು ತಗೀಬೇಕು. ಸಕ್ಕರಿ ಮನುಷ್ಯ ನೀವು. ಆಮ್ಯಾಲ ಕಾಲ ಉಳಸೂದ ಕಠಿಣ.”

ಬಿಸಾಡುವ ಗಂಟಿನ ನಮ್ಮ ತರ್ಕ ಅಲ್ಲಿಗೆ ಸತ್ತಿತು. ಆದರೂ ಕಮಲಾಕರಣ್ಣ ಸೋಲಲಿಲ್ಲ. ಆಸ್ಪತ್ರೆಯ ಕೋಣೆ ಕಾದಿರಿಸಿದೆ, ಮಗಳು ರಜೆ ಹಾಕಿ ಬಂದಿದ್ದಾಳೆ, ಊರಿಗೆಲ್ಲ ಹೇಳಿಯಾಗಿದೆ ಎಂದ. ಕಾಗದದಲ್ಲಿ ನವರಾತ್ರಿಯ ಸೂಜಿಯ ವಿವರವಿದೆಯಲ್ಲ, ಅದು ಸುಳ್ಳಲ್ಲವಲ್ಲ, ಅದನ್ನೇ ಕೊಟ್ಟುಬಿಡಿ, ಯಾರಿಗೂ ಗೊತ್ತಾಗುವುದಿಲ್ಲ ಎಂದ.

“ಗಂಟಿಗೆ ಗೊತ್ತಾಗ್ತೈತ್ರಿ.”

ಅಷ್ಟು ಹೇಳಿ ಅವನೆದುರೇ ಹುಬ್ಬಳ್ಳಿಗೆ ಫೋನು ಮಾಡಿದರು. ಆಮೇಲೆ ಪಂಚಾಂಗ ಹೊರಬಂತು. ಅಕ್ಷಯ ತದಿಗೆ ದಾಟಿ ಎರಡು ವಾರದ ಮೇಲೆ ಕೆಂಪು ಗೀಟು ಬಿತ್ತು. ಕಮಲಾಕರಣ್ಣ ಎದ್ದ. ನಲವತ್ತು ವರ್ಷಗಳ ಸಾರ್ವಜನಿಕ ಜೀವನದಲ್ಲಿ ತನಗೆ ಹೀಗೆ ಇಲ್ಲವೆಂದವರು ಯಾರೂ ಇಲ್ಲವೆಂದು ತಡೆ ತಡೆದು ಹೇಳಿ, ಬಾಗಿಲು ದಾಟಿ, ಕಾಲಲ್ಲಿ ಬಲವಿದ್ದರೂ ಮೆಟ್ಟಿಲಿಳಿಯುವ ಮನಸ್ಸಿಲ್ಲದೆ ಜಗಲಿಯ ಬೆಂಚಿನ ತುದಿಯಲ್ಲಿ ಧಪ್ಪನೆ ಕೂತ.

ಆ ಬೆಂಚಿನಲ್ಲಿ ಪ್ರತಿ ಶುಕ್ರವಾರ ಒಬ್ಬ ಮುದುಕಿ ಕೂತಿರುತ್ತಾರೆ. ಎಂಬತ್ತರ ಹತ್ತಿರ, ಹಣೆಯಲ್ಲಿ ವಿಭೂತಿ, ಎರಡೂ ಮಂಡಿಯ ಮೇಲೆ ಎರಡು ಕೈ. ನಾನು ಅಷ್ಟು ದಿನ ರೋಗಿಯೆಂದೇ ತಿಳಿದಿದ್ದೆ. ಅವರು ಕಮಲಾಕರಣ್ಣನ ಕೆಂಪಾದ ಮುಖ ನೋಡಿ, “ಇಲ್ಲ ಅಂದ್ಳೇನ್ರಿ?” ಎಂದು ಕೇಳಿದರು. ಅವನು ಮುಖ ತಿರುಗಿಸಿದ. “ಸಿಟ್ಟಾಗಬ್ಯಾಡ್ರಿ. ನನಗೂ ಅಷ್ಟ. ಸಕ್ಕರಿ ಮುನ್ನೂರು ಐತಿ ಅಂತ ಎಂಟು ತಿಂಗಳಾತು, ಒಂದು ಸೂಜಿ ಚುಚ್ಚವಲ್ಲಳು. ಊರೆಲ್ಲಾ ಕೊಂಡಾಡೂ ಕೈ, ನಾ ಹಡದದ್ದು, ನನಗ ಟವೆಲ್ ಕೊಡ್ತೈತಿ.”

ಮುರಿಗೆವ್ವ. ಡಾಕ್ಟರ ತಾಯಿ. ಪ್ರತಿ ಶುಕ್ರವಾರ ಬನವಾಸಿಯಿಂದ ಮಗಳನ್ನು ನೋಡಲು ಬಂದು, ಸರತಿಯಲ್ಲೇ ಕೂತು, ಹೆಸರು ಕೂಗಿದಾಗ ಒಳಹೋಗಿ, ಇಲ್ಲವೆನಿಸಿಕೊಂಡು ಬಂದು, ಉಳಿದ ಹೊತ್ತು ಬೆಂಚಿನವರೆದುರು ಮಗಳ ಕಟುಕತನವನ್ನು ಬಣ್ಣಿಸುವುದು ಅವರ ಪರಿಪಾಠವೆಂದು ಸುಬ್ಬಿ ಹೇಳಿದಳು. ಹಾಗೆ ಬಣ್ಣಿಸುವಾಗ ಅವರ ಮುಖದಲ್ಲಿದ್ದ ಹೆಮ್ಮೆಯನ್ನು ಮುಚ್ಚಿಡುವ ಗೊಡವೆಗೇ ಅವರು ಹೋಗಿರಲಿಲ್ಲ. ಕಮಲಾಕರಣ್ಣ ಬಹಳ ಹೊತ್ತು ತನ್ನ ಪಾದ ನೋಡಿಕೊಂಡು ಕೂತ. ಆ ಬಾಗಿಲಿನೊಳಗೆ ಅಧ್ಯಕ್ಷರು ಮಾತ್ರವಲ್ಲ, ಹೆತ್ತ ತಾಯಿಯೂ ಬರೀ ಒಂದು ಗಂಟು ಎಂಬುದು ಅವನೊಳಗೆ ಇಳಿಯಲು ಅಷ್ಟು ಹೊತ್ತು ಬೇಕಿತ್ತು. ಆಮೇಲೆ ನನ್ನ ಭುಜ ಹಿಡಿದೆದ್ದು, “ತಮ್ಮಾ, ಹೋಪನ” ಎಂದ.

ಏಪ್ರಿಲ್ ಹೊತ್ತಿಗೆ ಯಲ್ಲಾಪುರದ ಸೂಜಿಯ ಮಂಪರು ಇಳಿದು ನೋವು ಮರಳಿತು. ಅದೇ ತಿಂಗಳು ಶಿರಸಿಯ ಒಂದು ಮದುವೆಯಲ್ಲಿ ಕಮಲಾಕರಣ್ಣ ನೆಲದ ಪಂಕ್ತಿಯ ಮುಂದೆ ಎರಡು ನಿಮಿಷ ನಿಂತು, ಮಡಚಲೊಲ್ಲದ ಕಾಲನ್ನು ಒಮ್ಮೆ ನೋಡಿ, ಸಭಾಭವನದ ಮೂಲೆಯಲ್ಲಿ ಹಾಕಿದ್ದ ಒಂದೇ ಒಂದು ಟೇಬಲ್ಲಿನ ಕಡೆ ನಡೆದ. ನಾಲ್ಕುನೂರು ಕಣ್ಣು ಹಿಂಬಾಲಿಸಿದವು. ಅವನು ಎಲೆಯ ಮುಂದೆ ಒಬ್ಬನೇ ಕೂತಿದ್ದಾಗ, ಮದುವೆಗೆ ಬಂದಿದ್ದ ಡಾಕ್ಟರು ಪಂಕ್ತಿಯಲ್ಲಿ ಹಿಡಿದಿದ್ದ ಜಾಗ ಬಿಟ್ಟೆದ್ದು, ನೆಲ ನೋಡಿಕೊಂಡು ಅವಸರವಿಲ್ಲದೆ ನಡೆದುಬಂದು, ಪಕ್ಕದ ಖುರ್ಚಿ ಎಳೆದು ಕೂತರು. ನಾನು ಬಲ್ಲಂತೆ ಅವರ ಮಂಡಿಗಳಿಗೆ ಏನೂ ಆಗಿಲ್ಲ. ಡಾಕ್ಟರೇ ಖುರ್ಚಿಯಲ್ಲಿ ಕೂತ ಮೇಲೆ, ಠರಾವಿನ ದಿನದಿಂದ ಹಲ್ಲು ಕಚ್ಚಿ ನೆಲದಲ್ಲಿ ಉಣ್ಣುತ್ತಿದ್ದ ಏಳೆಂಟು ಹಿರಿಯರು ಒಬ್ಬೊಬ್ಬರಾಗಿ ಎದ್ದು ಬಂದರು. ಬಡಿಸುವವರು ಇನ್ನೆರಡು ಟೇಬಲ್ಲು ತಂದರು. ಡಾಕ್ಟರು ತಮ್ಮ ಪಾಡಿಗೆ ಉಣ್ಣತೊಡಗಿದರು. ಹೋಳಿಗೆ ಬಡಿಸುವವನು ಕಮಲಾಕರಣ್ಣನ ಎಲೆಗೆ ಎರಡನೆಯದನ್ನು ಹಾಕಲು ಬಗ್ಗಿದಾಗ ಮಾತ್ರ ಕೈ ಅಡ್ಡ ಹಿಡಿದು, “ಅವರಿಗೆ ಒಂದ ಸಾಕ್ರಿ” ಎಂದರು.

ಮೇ ತಿಂಗಳಲ್ಲಿ ಆಪರೇಶನ್ನಾಯಿತು. ಸರ್ಜನ್ನರು ಒಂದೇ ಮಾತು ಹೇಳಿ ಕಳಿಸಿದರಂತೆ, ಗಾಯ ಶುದ್ಧವಾಗಿ ಮಾಯುತ್ತಿದೆಯೆಂದು. ಶ್ರಾವಣದ ಒಂದು ಬುಧವಾರ ನಾನು ಮತ್ತೆ ಪಾತ್ರೆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಕಮಲಾಕರಣ್ಣ ಕಟಾಂಜನಕ್ಕೆ ಬೆರಳು ತಾಗಿಸಿಕೊಂಡು ಏರಿದ, ನಿಧಾನವಾಗಿ, ಮೆಟ್ಟಿಲಿಗೆ ಒಂದೊಂದೇ ಸದ್ದು. ಒಂಬತ್ತನೆಯದರಲ್ಲಿ ಒಮ್ಮೆ ನಿಂತು, ಮತ್ತೆ ಏರಿದ. ಕೊನೆಯ ಮೆಟ್ಟಿಲು ಮುಗಿದು ಅವನು ಇನ್ನೂ ಜಗಲಿಯಲ್ಲಿರುವಾಗಲೇ, ಒಳಗಿನಿಂದ, ಮುಖ ಕಾಣುವ ಮೊದಲೇ ಡಾಕ್ಟರ ಧ್ವನಿ ಬಂತು: “ಇದು ಖರೆ ಐತ್ರಿ. ಬರ್ರಿ ಒಳಗ.” ನಲವತ್ತು ವರ್ಷಗಳಲ್ಲಿ ಅವನಿಗೆ ಬಿದ್ದ ಹಾರಗಳನ್ನೆಲ್ಲ ನಾನು ನೋಡಿದ್ದೇನೆ. ಅವನು ಆ ದಿನದ ಹಾಗೆ ತಲೆ ತಗ್ಗಿಸಿದ್ದನ್ನು ನೋಡಿರಲಿಲ್ಲ.

ಕೊಡುವವರನ್ನು ಹೊಗಳಲು ನಮ್ಮ ಭಾಷೆಯಲ್ಲಿ ಬೇಕಾದಷ್ಟು ಪದಗಳಿವೆ. ಕೊಡಬಲ್ಲ ಕೈಯನ್ನು ತಡೆದು ಹಿಡಿಯುವವರಿಗೆ ಕಲ್ಲೆದೆ, ಮೊಂಡು, ಜಂಭ ಎಂಬ ಮೂರು ನಾಲ್ಕರಲ್ಲೇ ನಾವು ಮುಗಿಸುತ್ತೇವೆ. ಆದರೆ ಯಾವ ಊರಲ್ಲಿ ನೋಡಿದರೂ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ, ಮದ್ದಿನ ಸೀಸೆ ಕೈಯಳತೆಯಲ್ಲಿದ್ದೂ ದಿನ ಎಣಿಸುವವರು, ತಾಯಿಗೂ ಅಧ್ಯಕ್ಷರಿಗೂ ಒಂದೇ ಗೀಟು ಎಳೆಯುವವರು, ಇಲ್ಲವೆಂದ ಮೇಲೆ ಎದ್ದು ಬಂದು ಪಕ್ಕದ ಖುರ್ಚಿಯಲ್ಲಿ ಕೂರುವವರು. ಅವರಲ್ಲಿಗೆ ನಾವು ಆಸೆ ಹೊತ್ತು ಹತ್ತುತ್ತೇವೆ, ಬೈದುಕೊಳ್ಳುತ್ತ ಇಳಿಯುತ್ತೇವೆ. ಇಳಿದದ್ದು ನಮ್ಮ ಸ್ವಂತ ಕಾಲ ಮೇಲೆ ಎಂಬುದು ಹೊಳೆಯುವುದು, ಕೊನೆಯ ಮೆಟ್ಟಿಲು ದಾಟಿ ಬೀದಿ ಸೇರಿ ಬಹಳ ದೂರ ನಡೆದಾದ ಮೇಲೆ.